ಹದಿನಾಲ್ಕನೇ ಪೆಟ್ಟಿಗೆ ಯಾರದ್ದು?

ಮೊನ್ನೆ ಬಾವಿಯ ಪಂಪಿನ ಮೋಟರ್ ಸುಟ್ಟುಹೋಯಿತೆಂದು ರಿಕ್ಷಾದಲ್ಲಿ ಹಾಕಿಕೊಂಡು ದರ್ಬೆಯ ವೈಂಡಿಂಗ್ ಅಂಗಡಿಗೆ ಹೋಗಿದ್ದೆ. ತಾಮ್ರದ ತಂತಿ ಸುತ್ತಿದ ಮೋಟರನ್ನು ವಾರ್ನಿಶಿನಲ್ಲಿ ಅದ್ದಿ ಬಿಸಿಗೆ ಒಣಗಿಸುವಾಗ ಒಂದು ಕಟುವಾದ ವಾಸನೆ ಬರುತ್ತದೆ. ಬೇರೆಯವರಿಗೆ ಅದರಿಂದ ತಲೆನೋವು ಬರುತ್ತದಂತೆ. ನನಗೆ ಪಾಠ ನೆನಪಾಗುತ್ತದೆ. ಯಾಕೆಂದರೆ ಆ ಅಂಗಡಿಯ ಮಾಳಿಗೆಯಲ್ಲೇ ಕೆಲವು ವರ್ಷಗಳ ಹಿಂದೆ ನಾನು ವೆಬ್ ಅಪ್ಲಿಕೇಶನ್ ಬರೆಯಲು ಕಲಿತದ್ದು. ಒಂದು ದೀಪಾವಳಿಯ ನಂತರ ಶುರುವಾಗಿ, ರಬ್ಬರ್ ಮರಗಳು ಎಲೆ ಉದುರಿಸಿ ಮತ್ತೆ ಚಿಗುರುವವರೆಗಿನ ಆ ಕಾಲ ನನ್ನ ತಲೆಯಲ್ಲಿ ಈ ವಾಸನೆಯ ಜೊತೆಗೇ ಅಂಟಿಕೊಂಡಿದೆ.

ಆಗ ನಾನು ಪುತ್ತೂರಿನ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರ್. ಬೆಳಗ್ಗಿಂದ ಸಂಜೆಯವರೆಗೆ ಪರದೆಯ ಮೇಲಿನ ಚೌಕಗಳಲ್ಲಿ ಹೆಸರು, ವಿಳಾಸ, ಸರ್ವೆ ನಂಬರ್ ತುಂಬಿಸುವುದು, ಕೊನೆಗೆ ‘ಸಬ್ಮಿಟ್’ ಒತ್ತುವುದು. ಒತ್ತಿದ ಕೂಡಲೇ ಒಂದು ಚಕ್ರ ತಿರುಗುತ್ತಿತ್ತು, ಆಮೇಲೆ ‘ಯಶಸ್ವಿ’ ಎಂದು ಬರುತ್ತಿತ್ತು. ಆ ಚಕ್ರ ತಿರುಗುವಷ್ಟು ಹೊತ್ತು ಅದು ಎಲ್ಲಿಗೆ ಹೋಗಿ ಬರುತ್ತದೆ? ಅಲ್ಲಿ ಯಾರು ತೆಗೆದುಕೊಳ್ಳುತ್ತಾರೆ? ಬೇಡ ಎಂದು ವಾಪಸ್ ಕಳಿಸುವುದು ಯಾರು? ಆಫೀಸಿನಲ್ಲಿ ಕೇಳಿದರೆ, “ನಿಮಗೆ ಎಂತಕ್ಕೆ ಅದೆಲ್ಲ ಭವಾನಿಯಕ್ಕ, ಯಶಸ್ವಿ ಅಂತ ಬಂತಲ್ಲಾ, ಮುಗೀತು” ಎನ್ನುತ್ತಿದ್ದರು. ನನಗೆ ಮುಗಿಯುತ್ತಿರಲಿಲ್ಲ. ಮದುವೆಗೆ ಮುಂಚೆ ಕಾಲೇಜಿನಲ್ಲಿ ಕಂಪ್ಯೂಟರ್ ಓದಿದವಳು ನಾನು, ಆದರೆ ಅದೆಲ್ಲ ಪರೀಕ್ಷೆ ಬರೆದು ಮರೆತ ಬಾಬ್ತು. ದರ್ಬೆಯಲ್ಲಿ ಸಂಜೆ ಕ್ಲಾಸು ಉಂಟು ಎಂಬ ಬೋರ್ಡು ಕಂಡದ್ದೇ ತಡ, ಮನೆಯವರನ್ನು ಕೇಳದೆ ಹೆಸರು ಕೊಟ್ಟು ಬಂದೆ. ಅವರು, “ಈ ಪ್ರಾಯದಲ್ಲಿ ಇನ್ನು ಪರೀಕ್ಷೆಯೂ ಬರೀತಿಯಾ?” ಎಂದು ನಕ್ಕರು. ಸಂಜೆಯ ಚಾ ಮಾತ್ರ ಅಂದಿನಿಂದ ಅವರೇ ಮಾಡತೊಡಗಿದರು.

ಕಲಿಸುತ್ತಿದ್ದವಳು ಲಿಸ್ಸಿ ಟೀಚರ್. ನೆಲ್ಯಾಡಿಯ ರಬ್ಬರ್ ತೋಟದ ಮನೆಯ ಹುಡುಗಿ. ಅವಳ ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ನೆಲೆಸಿದ ಕುಟುಂಬ. ಪ್ರಾಯದಲ್ಲಿ ನನಗಿಂತ ಚಿಕ್ಕವಳು; ಆದ್ದರಿಂದ ನಾನು ಅವಳನ್ನು ಟೀಚರ್ ಎನ್ನುವುದು, ಅವಳು ನನ್ನನ್ನು ಅಕ್ಕ ಎನ್ನುವುದು. ಮೊದಲ ದಿನ ನನ್ನ ಸಬ್ಮಿಟ್ ಪ್ರಶ್ನೆ ಕೇಳಿದೆ. ಅವಳು ತನ್ನ ಲ್ಯಾಪ್‌ಟಾಪಿನಲ್ಲಿ ಏನೋ ಐದಾರು ಸಾಲು ಬರೆದು, “ನಿಮ್ಮ ಮೊಬೈಲಲ್ಲಿ ಈ ವಿಳಾಸ ಹಾಕಿ, ಹೆಸರು ಬರೆದು ಒತ್ತಿ” ಎಂದಳು. ಒತ್ತಿದೆ. ಅವಳ ಪರದೆಯ ಮೇಲೆ ಒಂದು ಸಾಲು ಮೂಡಿತು: ‘ಭವಾನಿ ಬಂದರು.’

ಅಯ್ಯಬ್ಬಾ! ಇಷ್ಟು ವರ್ಷ ನಾನು ಕತ್ತಲೆಗೆ ಎಸೆಯುತ್ತಿದ್ದ ಕಲ್ಲು ಎಲ್ಲಿ ಬೀಳುತ್ತದೆಂದು ಆ ದಿನ ಕಂಡಿತು. ಮತ್ತೆ ಒತ್ತಿದೆ, ಮತ್ತೆ ಬಂದರು. ಅವಳು ಸಾಕು ಎನ್ನುವವರೆಗೆ ಒತ್ತಿದೆ.

ನಾವು ಕಲಿಯುತ್ತಿದ್ದುದು ಜಾವಾದಲ್ಲಿ, ಒಂದು ಫ್ರೇಮ್‌ವರ್ಕ್ ಇಟ್ಟುಕೊಂಡು. ಎಲ್ಲ ಕೆಲಸ ನಡೆಯುವುದು ದೂರದ ಸರ್ವರ್ ಎಂಬ ಯಂತ್ರದಲ್ಲಿ. ನಮ್ಮ ಕೈಯಲ್ಲಿರುವ ಪರದೆ ಬರೀ ಕೇಳುವುದು, ತೋರಿಸುವುದು. ಫ್ರೇಮ್‌ವರ್ಕ್ ಅಂದರೆ ಎಂತ ಎಂದು ನನಗೆ ತಲೆಗೆ ಹೋಗಿರಲಿಲ್ಲ. ಅಪ್ಪನ ಜೇನುಪೆಟ್ಟಿಗೆ ನೆನಪಾದಾಗ ಹೋಯಿತು. ಪೆಟ್ಟಿಗೆಯೊಳಗೆ ಮರದ ಚೌಕಟ್ಟುಗಳನ್ನು ನಾವೇ ಮೊದಲು ಇಳಿಬಿಟ್ಟಿರುತ್ತೇವೆ, ನೊಣಗಳು ಅದರಲ್ಲಿ ಮೇಣದ ಎರಿ ಕಟ್ಟುತ್ತವೆ ಅಷ್ಟೆ. ಗೋಡೆ, ಮಾಡು, ಬಾಗಿಲಿನ ಚಿಂತೆ ಅವಕ್ಕಿಲ್ಲ. ಲಿಸ್ಸಿಗೆ ಇದನ್ನು ಹೇಳಿದಾಗ ಅವಳು ಖುಷಿಯಾಗಿ ಮರುದಿನದಿಂದ ಎಲ್ಲರಿಗೂ ಹಾಗೆಯೇ ಹೇಳತೊಡಗಿದಳು. ಆದರೂ ನನ್ನ ಸಂಶಯಕ್ಕೆ ಕೊನೆ ಇರಲಿಲ್ಲ. “ಬೇಕಾದ ವಸ್ತುವನ್ನು ಫ್ರೇಮ್‌ವರ್ಕೇ ತಂದು ಕೊಡ್ತದೆ, ನೀವು ಹುಡುಕಿಕೊಂಡು ಹೋಗುದು ಬೇಡ” ಎಂದರೆ ನಾನು, “ಎಲ್ಲಿಂದ ತರುದು ಟೀಚರ್? ನನಗೆ ಬೇಕೂಂತ ಅದಕ್ಕೆ ಎಂತ ಗೊತ್ತು? ತರದೇ ಇದ್ರೆ?” ಎನ್ನುವುದು. ಕ್ಲಾಸಿನ ಮಕ್ಕಳು ನನಗೆ ‘ಎಂತಕ್ಕೆ ಅಕ್ಕ’ ಎಂದು ಹೆಸರಿಟ್ಟರು. ಕೆಳಗಿನಿಂದ ವಾರ್ನಿಶ್ ವಾಸನೆ, ಮೇಲೆ ನನ್ನ ಎಂತಕ್ಕೆ. ಲಿಸ್ಸಿಗೆ ಎರಡೂ ಅಭ್ಯಾಸವಾಯಿತು.

ಅಪ್ಪನ ಜೇನಿನ ವಿಷಯ ಹೇಳಬೇಕು. ನನ್ನ ತವರು ಕೊಲ್ಲಮೊಗ್ರು, ಕಾಡಿನ ಅಂಚು. ಮನೆಯಲ್ಲಿ ಮಾತಾಡುವುದು ಅರೆಭಾಷೆ. ಇಲ್ಲಿ ಎಲ್ಲರಿಗೂ ತಿಳಿಯುವ ಹಾಗೆ ಬರೆಯುತ್ತೇನೆ. ಅಪ್ಪ ಹುಡುಗನಿದ್ದಾಗಿನಿಂದ ತುಡುವೆ ಜೇನು ಸಾಕಿದವರು. ಆ ವರ್ಷ ಮಳೆಗಾಲದಲ್ಲಿ ಗೂಡಿನ ಮರಿಗಳು ಕೊಳೆಯುವ ರೋಗ ಬಂದು ಒಂದೊಂದೇ ಜೇನುಕುಟುಂಬ ಹೋಯಿತು. ಉಳಿದದ್ದು ಎರಡು. ರೋಗ ತಗಲಿದ ಪೆಟ್ಟಿಗೆಗಳನ್ನೆಲ್ಲ ಅಪ್ಪ ಅಂಗಳದಲ್ಲಿ ರಾಶಿ ಹಾಕಿ ಸುಟ್ಟರು. ಆಮೇಲೆ ಚಳಿಗಾಲದಲ್ಲಿ ಕಾಡಿನ ಒಂದು ಪೊಟರೆಯಲ್ಲಿ ಹೊಸ ಕುಟುಂಬ ಸಿಕ್ಕಿತಂತೆ. ಒಟ್ಟು ಮೂರಾಯಿತು. “ಈ ಮೂರೂ ಹೋದ್ರೆ ನಾನು ಇನ್ನು ಪೆಟ್ಟಿಗೆ ಮುಟ್ಟುದಿಲ್ಲ” ಎಂದು ಅಪ್ಪ ಹೇಳಿದ್ದರು. ಹೊಗೆಸೊಪ್ಪು ಬಿಡುತ್ತೇನೆ ಎಂದದ್ದೊಂದನ್ನು ಬಿಟ್ಟರೆ ಅಪ್ಪ ಮಾತು ಕೊಟ್ಟು ತಪ್ಪಿದ್ದು ನಾನು ಕಂಡದ್ದಿಲ್ಲ. ಅದಕ್ಕೇ ಹೆದರಿಕೆ.

ಜನವರಿಯಲ್ಲಿ ರಬ್ಬರ್ ಮರದ ಎಲೆ ಉದುರಿ ಹೊಸ ಎಲೆ ಬರುವಾಗ ಎಲೆಯ ತೊಟ್ಟಿನಲ್ಲೇ ಸಿಹಿ ಒಸರುತ್ತದೆ. ಹೂವಿಗೆ ಕಾಯಬೇಕಾಗಿಲ್ಲ. ನಮ್ಮ ಕಡೆಯ ಜೇನು ಸಾಕುವವರು ಆಗ ಪೆಟ್ಟಿಗೆಗಳನ್ನು ನೆಲ್ಯಾಡಿಯ ತೋಟಗಳಲ್ಲಿ ಇಟ್ಟು ಬರುತ್ತಾರೆ. ಅಪ್ಪನ ಮೂರು ಪೆಟ್ಟಿಗೆಗಳೂ ಹೋದದ್ದು ಲಿಸ್ಸಿಯ ತಂದೆ ಕುರಿಯನ್ ಚೇಟನ ತೋಟಕ್ಕೇ; ಚೇಟ ಅಂದರೆ ಮಲಯಾಳದಲ್ಲಿ ಅಣ್ಣ. ಅದೇ ಚಿಗುರಿಗೆ ಬೂದಿರೋಗ ಬಾರದ ಹಾಗೆ ತೋಟದವರು ಗಂಧಕದ ಪುಡಿ ಹಾರಿಸುವುದೂ ಉಂಟು, ಮುಂಜಾನೆ ಇಬ್ಬನಿ ಇರುವಾಗ. ಹಾಗೆ ಹಾರಿಸುವ ಮುನ್ನಾದಿನ ಕುರಿಯನ್ ಚೇಟ ಜೇನಿನವರಿಗೆಲ್ಲ ಫೋನ್ ಮಾಡುತ್ತಿದ್ದರು. ಸಂಜೆ ನೊಣಗಳು ಒಳಗೆ ಸೇರಿದ ಮೇಲೆ ಬಾಗಿಲಿಗೆ ಜಾಲರಿ ಸಿಕ್ಕಿಸಿ, ಮರುದಿನ ಪುಡಿ ಇಳಿದ ಮೇಲೆ ತೆಗೆದರೆ ಆಯಿತು. ಮುಚ್ಚದೆ ಬಿಟ್ಟರೆ ಬೆಳಗ್ಗೆ ಹೊರಟ ನೊಣಗಳು ಪುಡಿಯೊಳಗೆ ಸಿಕ್ಕಿಕೊಳ್ಳುತ್ತವೆ.

ಲಿಸ್ಸಿಯದು ಒಂದು ಶರತ್ತು ಇತ್ತು: ಕೊನೆಗೆ ಮಾಡುವ ಪ್ರಾಜೆಕ್ಟು ನಾಲ್ಕು ಜನ ನಿಜವಾಗಿ ಉಪಯೋಗಿಸುವಂಥದ್ದಾಗಿರಬೇಕು. ಉಳಿದವರು ಅಂಗಡಿ, ಲೈಬ್ರರಿ ಅಂತ ಮಾಡಿದರು. ನಾನು ಹೇಳಿದೆ: “ಟೀಚರ್, ನಿಮ್ಮ ಅಪ್ಪ ಎಲ್ಲರಿಗೂ ಫೋನ್ ಮಾಡುದು ಎಂತಕ್ಕೆ? ಅವರು ಒಂದು ಬಟನ್ ಒತ್ತಿದ್ರೆ ಸರ್ವರೇ ಎಲ್ಲರಿಗೆ ಮೆಸೇಜ್ ಕಳಿಸ್ಲಿ.”

ಲಿಸ್ಸಿಯ ಕಣ್ಣು ಅರಳಿತು. ನನ್ನದಂತೂ ಕೇಳಬೇಡಿ.

ಡೇಟಾಬೇಸಿನಲ್ಲಿ ನಾನು ಮಾಡಿದ ಕೋಷ್ಟಕ ಬಹಳ ಚೊಕ್ಕ: ಪೆಟ್ಟಿಗೆಯ ನಂಬರು, ಯಜಮಾನ, ಫೋನು, ಯಾವ ತೋಟ. ಎಲ್ಲರೂ ಪೆಟ್ಟಿಗೆಗೆ ಪೈಂಟಿನಲ್ಲಿ ನಂಬರು ಬರೆದಿರುತ್ತಾರೆ, ಒಬ್ಬರದ್ದು ಇನ್ನೊಬ್ಬರದ್ದರ ಜೊತೆ ಬೆರೆಯದ ಹಾಗೆ. ಒಂದು ನಂಬರು ಎರಡು ಸಲ ಬರಬಾರದು ಎಂದು ನಿಯಮ ಹಾಕಿದೆ. ಕಡಬದ ಇಸ್ಮಾಯಿಲ್ ಕಾಕ ಮೊದಲು ಲೆಕ್ಕ ಕೊಟ್ಟರು. ಅವರು ಜೇನು ಸಾಕುವವರೂ ಹೌದು, ಪೆಟ್ಟಿಗೆ ಮಾಡುವವರೂ ಹೌದು. ಫೋನಿನಲ್ಲಿ ಸಾವಕಾಶವಾಗಿ ಹೇಳುತ್ತಾ ಹೋದರು, ನಾನು ತುಂಬಿಸುತ್ತಾ ಹೋದೆ. “ಹದಿನಾಲ್ಕನೇದ್ದು ಕುರಿಯನ್ ಚೇಟನ ಮೇಲಿನ ತೋಟದಲ್ಲಿ ಉಂಟು” ಎಂದರು. ಅದನ್ನೂ ಹಾಕಿದೆ.

ಒಂದು ಶನಿವಾರ ಅಪ್ಪ ಸುಬ್ರಹ್ಮಣ್ಯದ ಪೇಟೆಯಿಂದ ಫೋನ್ ಮಾಡಿ ತಮ್ಮದನ್ನು ಹೇಳಿದರು. ಮನೆಯಲ್ಲಿ ಸಿಗ್ನಲ್ ಇಲ್ಲ. ಪೇಟೆಗೆ ಬಂದಾಗಲೋ, ಹಿತ್ತಿಲ ಗುಡ್ಡೆ ಹತ್ತಿದಾಗಲೋ ಮಾತ್ರ ಸಿಗುವ ಜನ ಅವರು. ಎರಡು ಪೆಟ್ಟಿಗೆ ಕೆಳಗಿನ ತೋಟದಲ್ಲಿ. ಹಾಕಿದೆ. “ಇನ್ನೊಂದು ಮೇಲಿನ ತೋಟದಲ್ಲಿ, ಹದಿನಾಲ್ಕು” ಎಂದರು, ಅಷ್ಟರಲ್ಲಿ ಬಸ್ಸು ಬಂತೆಂದು ಇಟ್ಟರು. ಹಾಕಿ ಒತ್ತಿದರೆ ಪರದೆಯ ಮೇಲೆ ಕೆಂಪಕ್ಷರ: ಈ ನಂಬರು ಈಗಾಗಲೇ ಉಂಟು.

ನನಗೆ ಬೇಸರವಾಗಬೇಕಿತ್ತು, ಆದದ್ದು ಖುಷಿ! ನಾನು ಹಾಕಿದ ನಿಯಮ ಕೆಲಸ ಮಾಡಿತಲ್ಲಾ! ಪಕ್ಕದ ಬೆಂಚಿನವರನ್ನು ಕರೆದು ತೋರಿಸಿದೆ.

“ಯಾಕೆ ಬಂತೂಂತ ಕೇಳಿದ್ರಾ?” ಎಂದಳು ಲಿಸ್ಸಿ.

“ಅಪ್ಪನಿಗೆ ನಂಬರು ತಪ್ಪಿರ್ಬೇಕು ಟೀಚರ್. ಪ್ರಾಯ ಆಯ್ತಲ್ಲಾ.”

ಎಲ್ಲದಕ್ಕೂ ಎಂತಕ್ಕೆ ಎನ್ನುವವಳು ಅಲ್ಲಿ ಒಂದೇ ಒಂದು ಸಲ ಕೇಳಲಿಲ್ಲ. ಆಮೇಲೆ ಅಪ್ಪನಿಗೆ ಫೋನ್ ಮಾಡಿದೆ, ವ್ಯಾಪ್ತಿಯ ಹೊರಗೆ. ಇನ್ನೊಮ್ಮೆ ಸರಿ ಮಾಡಿದರಾಯಿತು ಎಂದು ಆ ಸಾಲನ್ನು ಬಿಟ್ಟೆ.

ಫೆಬ್ರವರಿಯ ಒಂದು ಶನಿವಾರ ಕುರಿಯನ್ ಚೇಟ ಮೊದಲ ಸಲ ಬಟನ್ ಒತ್ತಿದರು. ‘ನಾಳೆ ಮುಂಜಾನೆ ಗಂಧಕ. ಸಂಜೆ ಪೆಟ್ಟಿಗೆ ಮುಚ್ಚಿ.’ ಕ್ಲಾಸಿನ ಪರದೆಯಲ್ಲಿ ಪ್ರತಿ ಹೆಸರಿನ ಎದುರು ಹಸಿರು ಬಣ್ಣದಲ್ಲಿ ‘ಕಳಿಸಲಾಗಿದೆ’, ‘ಕಳಿಸಲಾಗಿದೆ’ ಎಂದು ಬೀಳುತ್ತಾ ಹೋಯಿತು. ಕುಣಿಯುವುದೊಂದು ಬಾಕಿ. ಮರುದಿನ ಭಾನುವಾರ ಬೆಳಗ್ಗಿನ ಬಸ್ಸಿಗೇ ನೆಲ್ಯಾಡಿಗೆ ಹೊರಟೆ, ನನ್ನ ಅಪ್ಲಿಕೇಶನ್ ಮಾಡಿದ ಕೆಲಸವನ್ನು ಕಣ್ಣಾರೆ ನೋಡಲು.

ತೋಟ ತುಂಬ ಎಳೆ ಕೆಂಪು ಚಿಗುರು, ಅದರ ಮೇಲೆ ಹಳದಿ ಪುಡಿ, ಗಂಟಲು ಕೆರೆಯುವ ವಾಸನೆ. ಲಿಸ್ಸಿ ಅಂಗಳದಲ್ಲೇ ನಿಂತಿದ್ದಳು, ಮುಖದಲ್ಲಿ ನಗು ಇರಲಿಲ್ಲ. “ಅಕ್ಕ, ಕೆಳಗಿನ ತೋಟಕ್ಕೆ ಬನ್ನಿ” ಎಂದಳು.

ಅಪ್ಪನ ಎರಡು ಪೆಟ್ಟಿಗೆಗಳ ಬಾಗಿಲು ತೆರೆದೇ ಇತ್ತು. ಮೆಟ್ಟಿಲ ಹಲಗೆಯ ಮೇಲೆ ನೊಣಗಳು ರೆಕ್ಕೆ ಬಿಡಿಸಲಾಗದೆ ತೆವಳುತ್ತಿದ್ದವು. ನೆಲದ ತರಗೆಲೆಯ ಮೇಲೆ ಬಿದ್ದವು ಎಷ್ಟೋ. ನಾನು ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಕುರಿಯನ್ ಚೇಟ ಹಿಂದೆ ನಿಂತು ತಲೆ ಕೆರೆದುಕೊಳ್ಳುತ್ತಿದ್ದರು. “ಪ್ರತಿ ವರ್ಷ ನಾನು ಫೋನ್ ಮಾಡ್ತಿದ್ದೆ ಮೋಳೇ. ನಿನ್ನ ಅಪ್ಪ ಸಿಗದಿದ್ರೆ ನಮ್ಮ ರಬ್ಬರ್ ಹಾಲು ತೆಗೆಯುವ ಟ್ಯಾಪಿಂಗಿನವನಿಗೆ ಹೇಳಿ ಮುಚ್ಚಿಸ್ತಿದ್ದೆ. ಈ ಸಲ ಕಂಪ್ಯೂಟರ್ ಹೇಳಿತಲ್ಲಾ ಅಂತ ಬಿಟ್ಟೆ.”

ಆ ಮಾತು ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ, ಇದ್ದದ್ದು ಹೇಳಿದರು.

ಅಷ್ಟರಲ್ಲಿ ಅಪ್ಪ ಬಂದರು. ಭಾನುವಾರ ಪೆಟ್ಟಿಗೆ ನೋಡಲು ಬರುವುದು ಅವರ ರೂಢಿ. ಬಸ್ಸು ಸುಬ್ರಹ್ಮಣ್ಯ ಮುಟ್ಟುವಾಗ ಜೇಬಿನಲ್ಲಿ ಫೋನು ಟಣ್ ಎಂದಿತಂತೆ. ಓದಿಕೊಂಡೇ ಬಂದಿದ್ದರು. ಹಲಗೆಯ ಮೇಲಿನ ಒಂದು ನೊಣವನ್ನು ಬೆರಳಿಗೆ ಹತ್ತಿಸಿಕೊಂಡು ಊದಿದರು. ನನ್ನ ಮುಖ ನೋಡಲಿಲ್ಲ.

“ಮೇಲಿಂದೂ ಹೋಗಿರ್ಬೇಕು” ಎಂದಷ್ಟೇ ಹೇಳಿ ಗುಡ್ಡ ಹತ್ತಿದರು.

“ಮೇಲಿಂದರ ನಂಬರು ಎಷ್ಟು ಅಪ್ಪ? ಹದಿನಾಲ್ಕು ಕಾಕನದ್ದಲ್ವಾ?”

“ಮೂರನೇದ್ದು ಹದಿನಾಲ್ಕು ಅಂತ ಹೇಳ್ಲಿಲ್ವಾ ನಾನು!” ಅಪ್ಪನ ಬಾಯಿಂದ ಸಿಟ್ಟು ಬಂದದ್ದು ಅದೊಂದೇ ಮಾತಿನಲ್ಲಿ.

ಮೇಲಿನ ತೋಟದಲ್ಲಿ ಒಂದು ಪೆಟ್ಟಿಗೆಯ ಎದುರು ಇಸ್ಮಾಯಿಲ್ ಕಾಕ ಕೂತಿದ್ದರು. ಪೆಟ್ಟಿಗೆಯ ಮೇಲೆ ಬಿಳಿ ಪೈಂಟಿನಲ್ಲಿ ಹದಿನಾಲ್ಕು ಎಂದಿತ್ತು. ಬಾಗಿಲಿಗೆ ಜಾಲರಿ, ಒಳಗಿನಿಂದ ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಹೋದ ಜೀವ ಬಂದಂತಾಯಿತು, ಆದರೆ ತಲೆ ಮಾತ್ರ ಪೂರಾ ಗೊಂದಲ.

“ಬನ್ನಿ ಬನ್ನಿ” ಎಂದರು ಕಾಕ ಅಪ್ಪನಿಗೆ. “ನಿನ್ನೆ ನಿಮಗೆ ಎಷ್ಟು ಸಲ ಫೋನ್ ಮಾಡಿದೆ ಮಾರಾಯ್ರೆ! ಸಿಕ್ಕಿದ್ರೆ ಅಲ್ವಾ! ಸ್ಕೂಟರ್ ತಕ್ಕೊಂಡು ಬಂದು ಮುಚ್ಚಿ ಹೋದೆ. ಈಗ ತೆಗಿಲಿಕ್ಕೆ ಬಂದದ್ದು.”

ಆಗ ಸಂಗತಿ ಒಂದೊಂದೇ ಹೊರಗೆ ಬಂತು. ಕಾಡಿನ ಪೊಟರೆಯಲ್ಲಿ ಹೊಸ ಕುಟುಂಬ ಸಿಕ್ಕಿದಾಗ ಅಪ್ಪನ ಹತ್ತಿರ ಶುದ್ಧವಾದ ಪೆಟ್ಟಿಗೆ ಇರಲಿಲ್ಲ, ಸುಟ್ಟಿದ್ದರಲ್ಲಾ. ಇಸ್ಮಾಯಿಲ್ ಕಾಕ ತಮ್ಮದೊಂದನ್ನು ಎರವಲು ಕೊಟ್ಟಿದ್ದರು. ಪೆಟ್ಟಿಗೆ ಅವರದ್ದು, ಒಳಗಿನ ಕುಟುಂಬ ಅಪ್ಪನದ್ದು. ನಮ್ಮ ಕಡೆ ಇದು ನಡೆದುಕೊಂಡು ಬಂದದ್ದೇ, ಚಿಕ್ಕಂದಿನಿಂದ ನೋಡಿದ್ದೇನೆ. ಆದರೆ ನನ್ನ ಕೋಷ್ಟಕದಲ್ಲಿ ಕುಟುಂಬ ಎಂಬುದೇ ಇರಲಿಲ್ಲ! ಬರೀ ಮರದ ಪೆಟ್ಟಿಗೆಗಳನ್ನು ಎಣಿಸಿದ್ದೆ. ಜೇನಿನ ಮನೆಯಲ್ಲಿ ಹುಟ್ಟಿದವಳು ಜೇನನ್ನೇ ಬಿಟ್ಟಿದ್ದೆ. ಕೆಂಪಕ್ಷರದಲ್ಲಿ ಸರ್ವರ್ ಹೇಳಿದ್ದೂ ಅದನ್ನೇ, ಒಂದೇ ನಂಬರಿಗೆ ಇಬ್ಬರು ಬಂದಿದ್ದಾರೆ, ಯಾಕೆಂದು ನೋಡು ಅಂತ. ನಾನು ಬಾಯಿ ಮುಚ್ಚಿಸಿದ್ದೆ.

“ಕಾಕ, ಕುಟುಂಬ ಅಪ್ಪನದ್ದಲ್ವಾ, ಮತ್ತೆ ನೀವು ಎಂತಕ್ಕೆ ಬಂದದ್ದು?”

“ನನ್ನ ಫೋನಿಗೆ ಬಂತು, ನಾನು ಬಂದೆ. ಅಪ್ಪ ಸಿಗುದಿಲ್ಲ ಅಂತ ಆದ ಮೇಲೆ ಕೂತುಕೊಳ್ಳಿಕ್ಕೆ ಆಗ್ತದಾ? ಕೆಳಗೆ ಇನ್ನೆರಡು ಉಂಟೂಂತ ಗೊತ್ತಿದ್ರೆ ಅದನ್ನೂ ಮುಚ್ತಿದ್ದೆ.” ಅವರಿಗೆ ಬಹಳ ಬೇಸರವಾಗಿತ್ತು. ಅವರೇ ತಪ್ಪು ಮಾಡಿದವರ ಹಾಗೆ ಅಪ್ಪನ ಕೈ ಹಿಡಿದುಕೊಂಡರು.

ವಾರ ಕಳೆಯುವುದರೊಳಗೆ ಕೆಳಗಿನ ಎರಡೂ ಕುಟುಂಬ ಪೆಟ್ಟಿಗೆ ಬಿಟ್ಟು ಹೋದವು. ಉಳಿದದ್ದು ಹದಿನಾಲ್ಕು ಒಂದೇ.

ನಾನು ಕ್ಲಾಸಿಗೆ ಹೋಗುವುದಿಲ್ಲ ಎಂದು ಕೂತೆ. ಲಿಸ್ಸಿ ಮನೆಗೇ ಬಂದಳು. ಚಾ ಕುಡಿದು, ಲೋಟ ಕೆಳಗಿಟ್ಟು, “ಅಕ್ಕ, ಒಂದು ಪ್ರಶ್ನೆ. ಸರಿ ಬರೆದ ಎರಡು ಸಾಲು ಕೆಲಸ ಮಾಡ್ಲಿಲ್ಲ, ತಪ್ಪಾಗಿದ್ದ ಒಂದು ಸಾಲು ಕೆಲಸ ಮಾಡಿತು. ಎಂತಕ್ಕೆ?” ಎಂದಳು. ಕಳ್ಳಿ! ಆ ಪ್ರಶ್ನೆ ಹಾಕಿದ ಮೇಲೆ ನಾನು ಸುಮ್ಮನೆ ಕೂರುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹುಡುಕುತ್ತಾ ಹೋದೆ. ‘ಕಳಿಸಲಾಗಿದೆ’ ಅಂದರೆ ನಮ್ಮ ಸರ್ವರಿನ ಕೈಬಿಟ್ಟಿದೆ ಎಂದಷ್ಟೇ ಅರ್ಥ. ತಲುಪಿದೆ ಎಂದಲ್ಲ. ತಲುಪಿದರೂ ಓದಿದ್ದಾರೆ ಎಂದಲ್ಲ. ಆಫೀಸಿನಲ್ಲಿ ವರ್ಷಗಟ್ಟಲೆ ‘ಯಶಸ್ವಿ’ ಎಂಬುದನ್ನು ನಂಬದೆ ಇದ್ದವಳು ನನ್ನದೇ ಪರದೆಯ ಹಸಿರನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದೆ. ಮೊದಲಿಂದ ಬರೆಯಲು ಕೂತೆ. ಪೆಟ್ಟಿಗೆಗೆ ಬೇರೆ ಕೋಷ್ಟಕ, ಕುಟುಂಬಕ್ಕೆ ಬೇರೆ. ಕುಟುಂಬ ಇಂದು ಈ ಪೆಟ್ಟಿಗೆಯಲ್ಲಿರಬಹುದು, ನಾಳೆ ಇನ್ನೊಂದರಲ್ಲಿ. ಒಂದು ಪೆಟ್ಟಿಗೆಯ ಸುದ್ದಿ ಎಷ್ಟು ಜನರಿಗೆ ಬೇಕಾದರೂ ಹೋಗಬಹುದು. ಮೆಸೇಜಿನ ಕೊನೆಯಲ್ಲಿ ‘ಗೊತ್ತಾಯ್ತು’ ಎಂಬ ಬಟನ್. ಅದನ್ನು ಒತ್ತದವರ ಹೆಸರಿನ ಎದುರು, ಹೊತ್ತು ಇಳಿಯುವ ಮೊದಲೇ, ಕುರಿಯನ್ ಚೇಟನ ಪರದೆಯಲ್ಲಿ ಕೆಂಪು ಗೆರೆ ಬಿದ್ದು ‘ಫೋನ್ ಮಾಡಿ’ ಎಂದು ಬರಬೇಕು. ಫೋನ್ ತಪ್ಪಿಸಲೆಂದೇ ಹೊರಟ ನನ್ನ ಅಪ್ಲಿಕೇಶನ್ನು ಕೊನೆಗೆ ಫೋನ್ ಮಾಡಿ ಎನ್ನುವುದರಲ್ಲಿ ಬಂದು ನಿಂತಿತು. ಲಿಸ್ಸಿ ಅದಕ್ಕೇ ಸರ್ಟಿಫಿಕೇಟು ಕೊಟ್ಟಳು.

ಹೊಸದು ಸಿದ್ಧವಾದಾಗ ಅಪ್ಪನಿಗೆ ಹೇಳಿದೆ: “ಇನ್ನು ನಿಮ್ಮ ಕುಟುಂಬದ ಮೆಸೇಜ್ ಕಾಕನಿಗೆ ಹೋಗುದಿಲ್ಲ ಅಪ್ಪ, ಸರಿ ಮಾಡ್ತೇನೆ.”

“ಅದನ್ನು ತೆಗಿಬೇಡ ಮಗಾ” ಎಂದರು ಅಪ್ಪ. ತೆಗೆಯಲಿಲ್ಲ.

ಆ ವರ್ಷದ ಮಳೆ ಬಿಟ್ಟ ಮೇಲೆ ಹದಿನಾಲ್ಕರ ಕುಟುಂಬ ಬೆಳೆದು ಪೆಟ್ಟಿಗೆಯಲ್ಲಿ ಜಾಗ ಸಾಲದಾಯಿತು. ಅಪ್ಪ ಹೊಸ ಪೆಟ್ಟಿಗೆ ತರಿಸಿ ಕುಟುಂಬವನ್ನು ಎರಡು ಮಾಡಿದರು. ಒಂದು ಪಾಲು ಹೊಸ ಪೆಟ್ಟಿಗೆಯಲ್ಲಿ. ಇನ್ನೊಂದು ಪಾಲನ್ನು, ಹಳೆಯ ರಾಣಿ ಸಮೇತ, ಹದಿನಾಲ್ಕರಲ್ಲೇ ಬಿಟ್ಟು, ಒಂದು ಸಂಜೆ ಬಾಗಿಲು ಮುಚ್ಚಿ ಜೀಪಿನಲ್ಲಿ ಇಟ್ಟುಕೊಂಡು ಕಡಬಕ್ಕೆ ಹೊರಟರು. ನಾನೂ ಜೊತೆಗಿದ್ದೆ.

ಇಸ್ಮಾಯಿಲ್ ಕಾಕ ಪೆಟ್ಟಿಗೆಗೆ ಕಿವಿ ಕೊಟ್ಟು ಹೌಹಾರಿದರು. “ನಾನು ಕೊಟ್ಟದ್ದು ಬಾಕ್ಸ್ ಮಾತ್ರ ಅಲ್ವಾ ಮಾರಾಯ್ರೆ!”

“ಎರವಲು ತಂದದ್ದನ್ನು ಖಾಲಿ ಕೊಡ್ಲಿಕ್ಕುಂಟಾ?” ಎಂದರು ಅಪ್ಪ.

ನಾನು ಅಲ್ಲೇ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ತಿದ್ದಿದೆ. ಪೆಟ್ಟಿಗೆ ಹದಿನಾಲ್ಕು: ಪೆಟ್ಟಿಗೆ ಇಸ್ಮಾಯಿಲ್ ಕಾಕನದ್ದು, ಕುಟುಂಬವೂ ಇಸ್ಮಾಯಿಲ್ ಕಾಕನದ್ದು. ಅಪ್ಪ ಬಗ್ಗಿ ನೋಡಿದರು.

“ನನ್ನ ಹೆಸರನ್ನೂ ಹಾಕು ಅದಕ್ಕೆ.”

“ನಿಮ್ಮದು ಎಂತಕ್ಕೆ?” ಈ ಸಲ ಕೇಳಿದ್ದು ಕಾಕ.

“ನಿಮಗೆ ಸಿಗ್ನಲ್ ಇಲ್ಲದ ದಿನ ನಾನು ಬರ್ಬೇಕಲ್ಲಾ.”

“ಕೇಳಿ, ಸಿಗ್ನಲ್ಲೇ ಇಲ್ಲದ ಊರಿನವರು ಹೇಳುದು!” ಎಂದು ಕಾಕ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಅಪ್ಪ ನಗಲಿಲ್ಲ. ಹಾಕಿದೆ.

ಮೊನ್ನೆ ವೈಂಡಿಂಗ್ ಅಂಗಡಿಯ ಎದುರು ನಿಂತು ಮಾಳಿಗೆಯ ಮೆಟ್ಟಿಲು ನೋಡುತ್ತಿದ್ದೆ. ಕ್ಲಾಸು ಈಗ ಬೇರೆ ಕಟ್ಟಡಕ್ಕೆ ಹೋಗಿದೆ, ವಾರದಲ್ಲಿ ಕೆಲವು ಸಂಜೆ ನಾನೇ ಅಲ್ಲಿ ಕಲಿಸುತ್ತೇನೆ. ಆಗಲೇ ಕೈಯಲ್ಲಿದ್ದ ಫೋನು ಟಣ್ ಎಂದಿತು. ಕುರಿಯನ್ ಚೇಟ ಬಟನ್ ಒತ್ತಿದ್ದರು, ನಾಳೆ ಮುಂಜಾನೆ ಗಂಧಕ. ಪಟ್ಟಿ ತೆರೆದು ನೋಡಿದೆ. ಹದಿನಾಲ್ಕರ ಎದುರು ಇಸ್ಮಾಯಿಲ್ ಕಾಕನ ಹೆಸರಿಗೆ ಇನ್ನೂ ಏನೂ ಬಂದಿರಲಿಲ್ಲ. ಮಧ್ಯಾಹ್ನದ ಹೊತ್ತು, ಮಲಗಿರಬೇಕು. ಅದರ ಕೆಳಗೆ ಅಪ್ಪನ ಹೆಸರು. ನೋಡುತ್ತಿದ್ದ ಹಾಗೆ ಅದು ಹಸಿರಾಯಿತು: ‘ಗೊತ್ತಾಯ್ತು.’

ಕೊಲ್ಲಮೊಗ್ರಿನ ಮನೆಗೆ ಇಂದಿಗೂ ಸಿಗ್ನಲ್ ಬಂದಿಲ್ಲ.

“ಎಂತ ಅಕ್ಕ, ಒಬ್ರೇ ನಗುದು? ಕಣ್ಣಲ್ಲಿ ನೀರು ಬೇರೆ. ವಾರ್ನಿಶ್ ವಾಸನೆಯಾ?” ಎಂದು ವೈಂಡಿಂಗಿನವರು ಕೇಳಿದರು.

“ಅಲ್ಲ” ಎಂದೆ. “ಅಪ್ಪ ಗುಡ್ಡೆ ಹತ್ತಿದ್ದಾರೆ.”